ಕ್ಷಾರದ ನೀರಿನ ಅಂಗಡಿ

ನಾನು ಸಿಂಧನೂರಿನ ಒಂದು ದವಾಖಾನೆಯಲ್ಲಿ ನರ್ಸ್. ಕಿಡ್ನಿ ಸೋತಿದ್ದ ಗುರುಗುಂಟಾದ ಶಾಂತಮ್ಮ ಒಂದು ದಿನ ಏದುಸಿರು ಬಿಡುತ್ತ ಬಂದರು. ರಕ್ತದಲ್ಲಿ ಆಮ್ಲ ಏರಿತ್ತು. ಅದನ್ನು ತಗ್ಗಿಸಲೆಂದು ಡಾಕ್ಟರು ಕೊಟ್ಟಿದ್ದ ಸೋಡಾ ಗುಳಿಗೆಯನ್ನೇ ನಿಲ್ಲಿಸಿದ್ದರಂತೆ.

"ಮಸ್ಕ್ಯಾಗ ಕ್ಷಾರದ ನೀರಿನ ಮಷೀನ್ ಮಾರಾಂವ ಹೇಳ್ಯಾನ್ರೀ, ಈ ನೀರು ಕುಡದ್ರ ಗುಳಿಗಿ ಬ್ಯಾಡ ಅಂತ," ಅಂದರು.

ಚಿಕಿತ್ಸೆ ಆಗಿ ಅವರು ಚೇತರಿಸಿಕೊಂಡರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ರಜೆಯ ದಿನ ಬಸ್ಸು ಹತ್ತಿ ಮಸ್ಕಿಯ ಆ ಅಂಗಡಿಗೇ ಹೋದೆ.

"ನಾವು ಉಂಡದ್ದರಿಂದ ಮೈಯಾಗ ದಿನಾ ಆಮ್ಲ ಹುಟ್ಟತೈತಿ. ಅದನ್ನ ಮೂತ್ರದಾಗ ಹೊರಗ ಹಾಕಿ, ರಕ್ತಕ್ಕ ಬೇಕಾದ ಕ್ಷಾರ ಉಳಿಸೋದು ಕಿಡ್ನಿ ಕೆಲಸ. ಶಾಂತಮ್ಮನ ಕಿಡ್ನಿಗೆ ಅದು ಆಗವಲ್ದು ಅಂತನ ಡಾಕ್ಟರು ಗುಳಿಗಿ ಕೊಟ್ಟಾರ. ಬಿಡ್ರಿ ಅನ್ನಾಕ ನೀವ್ಯಾರ್ರೀ?" ಎಂದೆ.

ಅಂಗಡಿಯವನು ಕುರ್ಚಿ ಎಳೆದು ಕೊಟ್ಟು, ಎದುರಾಡದೆ ಎಲ್ಲ ಕೇಳಿಸಿಕೊಂಡ. ತಪ್ಪು ತಿಳಿಯಿತೇನೋ ಅಂದುಕೊಂಡೆ.

"ಎಷ್ಟು ಚಂದ ತಿಳಿಸಿ ಹೇಳ್ತೀರಿ ಮೇಡಂ," ಅಂದ. "ದವಾಖಾನಿ ಬಿಟ್ಟು ನಮ್ಮ ಅಂಗಡಿಗೇ ಬಂದ್ಬಿಡ್ರಿ. ಗಿರಾಕಿಗಳು ನಿಮ್ಮ ಮಾತು ನಂಬ್ತಾರ."