ಮಾಯವ್ವನ ಕೌದಿ

ಕುಸುಬೆ ಎಣ್ಣೆಯ ಒಗ್ಗರಣೆ ವಾಸನೆ ಬಂದರೆ ಈಗಲೂ ನನಗೆ ರಾಮಥಾಳದ ನಮ್ಮ ದೊಡ್ಡವ್ವ ಮಾಯವ್ವ ನೆನಪಾಗುತ್ತಾಳೆ. ಹಿಂಗಾರಿ ಬಿತ್ತನೆಯಲ್ಲಿ ದೊಡ್ಡಪ್ಪ ಮಲಕಪ್ಪ ಎತ್ತು ಹೂಡಿದ ಕೂರಿಗೆಯಿಂದ ಜೋಳ ಬಿತ್ತುತ್ತಾ ಹೋದರೆ, ಅವಳು ಕೂರಿಗೆಯ ಹಿಂದೆ ನಡೆಯುತ್ತಾ ನಡುನಡುವಿನ ಸಾಲಿಗೆ ಉಡಿಯಲ್ಲಿದ್ದ ಕುಸುಬೆ, ಕಡಲೆ, ಅಗಸೆ ಬಿಡುತ್ತಿದ್ದಳು. ದೊಡ್ಡಪ್ಪನಿಗೋ ಹೊಲವೆಲ್ಲ ಒಂದೇ ಬೆಳೆಯಾಗಿ ಕಾಣಬೇಕು.

"ಇದೇನ ಹೊಲಾನೋ, ನೀ ಹಳೇ ಅರಿವಿ ತುಂಡು ಕೂಡಿಸಿ ಹೊಲಿಯೂ ಕೌದಿನೋ?" ಎಂದು ರೇಗುತ್ತಿದ್ದ.

"ಕೌದಿನ ಅನ್ರಿ. ಚಳಿ ಬಂದಾಗ ಅದ ಬೇಕಾಗತೈತಿ," ಎನ್ನುತ್ತಿದ್ದಳು. ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಎಪ್ಪತ್ತೆರಡನೇ ಇಸವಿಯಲ್ಲಿ ಬಿತ್ತಿದ ಮೇಲೆ ಮಳೆ ಮುಖವನ್ನೇ ತೋರಿಸಲಿಲ್ಲ. ಮೊಳಕಾಲೆತ್ತರದ ಜೋಳ ನಿಂತಲ್ಲೇ ಒಣಗಿ ದನಗಳ ಪಾಲಾಯಿತು. ಆಳಕ್ಕೆ ಬೇರಿಳಿಸಿದ್ದ ಕುಸುಬೆ ಮಾತ್ರ ಬಿರುಕುಬಿಟ್ಟ ಎರೆಮಣ್ಣಿನಲ್ಲಿ ಮುಳ್ಳು ಚಾಚಿ, ಹಳದಿ ಹೂ ಬಿಟ್ಟು ನಿಂತಿತು. ಗಾಣದಿಂದ ಬಂದ ಎಣ್ಣೆ ಕೊಟ್ಟು, ಜೋಳ ತಂದು ರೊಟ್ಟಿ ಉಂಡೆವು.

ಮರುವರ್ಷ ಕೂರಿಗೆ ಪೂಜೆ ಮುಗಿದೊಡನೆ ದೊಡ್ಡಪ್ಪನೇ ಮೊರ ಹಿಡಿದು ದೊಡ್ಡವ್ವನ ಮುಂದೆ ಬಂದು ನಿಂತ. ಮೊರದ ತುಂಬ ಕುಸುಬೆ, ಕಡಲೆ, ಅಗಸೆ.

"ಉಡಿ ಒಡ್ಡು," ಎಂದ. "ಕೌದಿ ಹೊಲಿಯೂದ ಐತಿ."