ಬರೆದದ್ದು ನನಗೇ ಓದಲು ಬರದಿದ್ದಾಗ

ಕೋರಮಂಡಲ್ ಸ್ಟೇಷನ್ನಿನ ಬೋರ್ಡಿನ ಮೇಲೆ ಏನು ಬರೆದಿದೆ ಎಂದು ಅವತ್ತು ಬೆಳಿಗ್ಗೆ ನನಗೆ ತಿಳಿಯಲಿಲ್ಲ.

ಬೋರ್ಡು ಕಾಣುತ್ತಿತ್ತು. ಹಳದಿ ಬಣ್ಣ ಕಾಣುತ್ತಿತ್ತು. ಅದರ ಮೇಲಿನ ಕಪ್ಪು ಗೆರೆಗಳು ಬಾಗಿ, ಸುತ್ತಿ, ಒಂದರ ಪಕ್ಕ ಒಂದು ನಿಂತಿರುವುದೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವು ಅಕ್ಷರಗಳು ಎನ್ನುವುದು ಗೊತ್ತಿತ್ತು. ಯಾವ ಅಕ್ಷರಗಳು ಎನ್ನುವುದು ಗೊತ್ತಾಗಲಿಲ್ಲ. ಮೂರು ಭಾಷೆಗಳಲ್ಲಿ ಬರೆದ ಬೋರ್ಡು. ಆ ಮೂರರಲ್ಲಿ ಕನ್ನಡ ಯಾವುದು ಎಂದೂ ಹೇಳಲಾಗಲಿಲ್ಲ.

ತಲೆಯ ಎಡಭಾಗದಲ್ಲಿ ಹಿಂದಿನ ಸಂಜೆಯಿಂದ ನೋವಿತ್ತು. ಬಿಸಿಲಿಗೆ ಎಂದುಕೊಂಡು ಮಾತ್ರೆ ನುಂಗಿ ಮಲಗಿದ್ದೆ.

ಬ್ಯಾಗಿನಿಂದ ಫೋನ್ ತೆಗೆದೆ. ಅದರಲ್ಲೂ ಅದೇ ಗೆರೆಗಳು. ರೈಲು ಬಂತು, ಹೋಯಿತು. ನಾನು ಹತ್ತಲಿಲ್ಲ. ಬಲಗಡೆಯಿಂದ ಬಂದ ಹೂವಿನ ಬುಟ್ಟಿಯ ಹೆಂಗಸು ನನಗೆ ಡಿಕ್ಕಿ ಹೊಡೆಯುವವರೆಗೂ ಅವಳು ಇದ್ದಾಳೆ ಎಂದೇ ಕಂಡಿರಲಿಲ್ಲ. ಗಂಡನ ಫೋಟೋ ಗುರುತು ಹಿಡಿದು ಫೋನ್ ಒತ್ತಿದೆ.

ನನ್ನ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನಮ್ಮದು ಕ್ಯಾಸಂಬಳ್ಳಿ ಕಡೆಯ ಹಳ್ಳಿ. ಗಂಡ ನಾರಾಯಣಸ್ವಾಮಿಯವರು ನಾಲ್ಕು ಹಸು ಕಟ್ಟಿಕೊಂಡು ತರಕಾರಿ ಬೆಳೆಯುತ್ತಾರೆ. ನಾನು ಬಂಗಾರಪೇಟೆಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ದಿನಾ ಡೇರಿಗೆ ಹಾಲು ಹಾಕಿದ ಮೇಲೆ ಅವರು ನನ್ನನ್ನು ಬೈಕಿನಲ್ಲಿ ಕೋರಮಂಡಲ್‌ಗೆ ಬಿಡುತ್ತಿದ್ದರು. ಅಲ್ಲಿಂದ ಬಂಗಾರಪೇಟೆಗೆ ರೈಲು. ಆ ರೈಲಿನಲ್ಲಿ ಹದಿಮೂರು ವರ್ಷ ನಾನು ಒಂದು ಬ್ಲಾಗ್ ಬರೆದೆ. ಅದರ ಹೆಸರು ‘ಕಿಟಕಿ ಸೀಟು’. ಚಿನ್ನದ ಗಣಿ ಮುಚ್ಚಿದ ಮೇಲೂ ಊರು ಬಿಡದವರು, ಗಾಳಿ ಎದ್ದರೆ ಗಣಿಯ ಪುಡಿಮಣ್ಣು ಸುರಿದ ಬಿಳಿ ಗುಡ್ಡದಿಂದ ಮನೆಯೊಳಗೆ ಬರುವ ಧೂಳು, ತೆಲುಗಿನಲ್ಲಿ ಬೈದು ತಮಿಳಿನಲ್ಲಿ ರಾಜಿ ಮಾಡಿಕೊಳ್ಳುವ ಸಹಪ್ರಯಾಣಿಕರು. ಕಂಡದ್ದನ್ನೆಲ್ಲ ಬರೆದೆ. ಓದುವವರು ಮೂವತ್ತೋ ನಲವತ್ತೋ ಜನ. ಅಷ್ಟು ಸಾಕಾಗಿತ್ತು. ವಾರಕ್ಕೊಂದಾದರೂ ಬರೆಯದೆ ಇದ್ದರೆ ಏನೋ ಮರೆತು ಮನೆಯಿಂದ ಹೊರಟಂತೆ ಆಗುತ್ತಿತ್ತು.

ಗಂಡ ಬಂದರು. ‘ಕಣ್ಗೆ ದೂಳು ಬಿದ್ದಿರ್ತದೆ ಬಾ, ತೋರ್ಸಾನ’ ಎಂದು ರಾಬರ್ಟ್‌ಸನ್‌ಪೇಟೆಯ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿಯವರು ದೀಪ ಹಿಡಿದು ನೋಡಿದರು. ಗೋಡೆಯ ಮೇಲಿನ ಸಣ್ಣ ಚುಕ್ಕಿ ತೋರಿಸಿದರು. ಕಂಡಿತು. ದೊಡ್ಡ ಅಕ್ಷರ ತೋರಿಸಿದರು. ಹೇಳಲಾಗಲಿಲ್ಲ.

ಅವರು ದೀಪ ಕೆಳಗಿಟ್ಟರು.

‘ಸಾರ್, ಇದು ಕಣ್ಣಲ್ಲ. ತಲೇದು. ನಿಲ್ಬೇಡಿ, ಪೋಂಗ ಸಾರ್, ಈಗ್ಲೇ ದೊಡ್ಡಾಸ್ಪತ್ರೆಗೆ ಹೋಗಿ.’

ಆ ಮನುಷ್ಯನಿಗೆ ನಾನು ಇವತ್ತಿಗೂ ಮನಸ್ಸಿನಲ್ಲಿ ಕೈ ಮುಗಿಯುತ್ತೇನೆ.

ಕೋಲಾರದ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು. ಸ್ಟ್ರೋಕ್ ಎಂದರು. ಮಿದುಳಿನ ಹಿಂಭಾಗದಲ್ಲಿ, ಎಡಗಡೆ. ಕೈಕಾಲು ಬಿದ್ದುಹೋಗಿರಲಿಲ್ಲ, ಮಾತು ನಿಂತಿರಲಿಲ್ಲ. ಹಾಗಾಗಿ ನನ್ನ ಗಂಡನಿಗೆ ನಂಬಿಕೆಯೇ ಬರಲಿಲ್ಲ. ಮೂರನೆಯ ದಿನ ಡಾಕ್ಟರಮ್ಮ ಒಂದು ಹಾಳೆ, ಒಂದು ಪೆನ್ನು ಕೊಟ್ಟರು.

‘ಏನಾದ್ರೂ ಬರೀರಿ.’

ಬರೆದೆ. ಕೈ ತಾನಾಗಿ ಓಡಿತು. ಹೆಸರು, ಊರು, ಇವತ್ತು ಸಾಂಬಾರು ಸಪ್ಪೆಯಾಗಿತ್ತು ಎನ್ನುವ ಮಾತು. ಅಬ್ಬಾ, ಬಂತಲ್ಲ ಎಂದುಕೊಂಡೆ. ಅವರು ಹಾಳೆ ತೆಗೆದುಕೊಂಡರು, ನನ್ನ ಪಕ್ಕದ ಮಂಚದವರ ಔಷಧಿ ಚೀಟಿ ನೋಡಿದರು, ಎರಡು ನಿಮಿಷ ಬಿಟ್ಟು ಅದೇ ಹಾಳೆ ವಾಪಸ್ ಕೊಟ್ಟರು.

‘ಈಗ ಓದಿ.’

ಹಾಳೆಯ ಮೇಲೆ ಗೆರೆಗಳಿದ್ದವು. ಯಾರದೋ ಬರಹ.

ನಾನು ಬರೆದದ್ದು ನನಗೇ ಓದಲು ಬರಲಿಲ್ಲ.

ಅಲೆಕ್ಸಿಯಾ ಎಂದರು. ಬರೆಯುವ ಶಕ್ತಿ ಉಳಿದಿದೆ, ಓದುವ ಶಕ್ತಿ ಹೋಗಿದೆ, ಹೀಗಾಗುವುದು ಅಪರೂಪ. ಬಲಗಡೆಯ ಅರ್ಧ ನೋಟವೂ ಹೋಗಿದೆ. ‘ಬರುತ್ತಾ ಡಾಕ್ಟ್ರೇ?’ ಎಂದು ಕೇಳಿದೆ. ‘ಸ್ವಲ್ಪ ಬರಬಹುದು. ಎಷ್ಟು ಅಂತ ನಾನು ಹೇಳಿದ್ರೆ ಸುಳ್ಳಾಗುತ್ತೆ’ ಎಂದರು. ಆ ಉತ್ತರವನ್ನೇ ಹಿಡಿದುಕೊಂಡೆ. ಸ್ವಲ್ಪ ಬರುವುದಾದರೆ ಅದನ್ನು ನಾನು ತರುತ್ತೇನೆ.

ಮನೆಗೆ ಬಂದ ಮೇಲೆ ಮೊದಲ ವಾರ ಬರೀ ಅಳು. ಮಾತ್ರೆಯ ಹಾಳೆಯ ಮೇಲಿನ ಹೆಸರು ಗೊತ್ತಾಗುವುದಿಲ್ಲ. ಉಪ್ಪಿನ ಪೊಟ್ಟಣ ಯಾವುದು, ಸೋಡಾ ಪೊಟ್ಟಣ ಯಾವುದು ಎಂದು ನಾಲಿಗೆಗೆ ಹಚ್ಚಿ ನೋಡಬೇಕು. ಮಗಳು ಪವಿತ್ರ ಡಿಗ್ರಿ ಓದುತ್ತಾಳೆ. ಅವಳು ನನ್ನ ಬ್ಲಾಗನ್ನು ಫೋನೇ ಓದಿ ಹೇಳುವಂತೆ ಮಾಡಿಕೊಟ್ಟಳು. ಒಳಗಿನ ಹೆಂಗಸು ನನ್ನ ಮಾತುಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಪ್ಲಾಟ್‌ಫಾರಂ ನಂಬರ್ ಕೂಗಿದಂತೆ ಓದಿದಳು. ಎರಡು ಸಾಲಿಗೆ ನಿಲ್ಲಿಸಿಬಿಟ್ಟೆ.

‘ನಾನು ಓದ್ತೀನಿ ಬಿಡು’ ಎಂದರು ನನ್ನ ಗಂಡ.

ಅವರು ಏಳನೇ ಕ್ಲಾಸು. ಹದಿಮೂರು ವರ್ಷದಲ್ಲಿ ನನ್ನ ಬ್ಲಾಗಿನ ಒಂದು ಸಾಲನ್ನೂ ಓದಿದವರಲ್ಲ. ‘ನಿಂದೇನೋ ಬರಿಯೋದು’ ಎನ್ನುತ್ತಿದ್ದರು, ಅಷ್ಟೇ. ಮಾರನೆಯ ದಿನದಿಂದ ಡೇರಿಗೆ ಹಾಲು ಹಾಕಿ ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ನನ್ನ ಎಡಗಡೆ ಕೂತು ಓದಲು ಶುರು ಮಾಡಿದರು. ಬೆರಳಿಟ್ಟು, ಒತ್ತಕ್ಷರ ಬಂದಲ್ಲಿ ತಡವರಿಸಿ. ದಿನಕ್ಕೊಂದು ಬರಹ, ಮೊದಲಿನಿಂದ. ಒಮ್ಮೊಮ್ಮೆ ನಿಲ್ಲಿಸಿ ‘ಇದು ನಮ್ ಎಂಕಟಮ್ಮನ ಇಸ್ಯ ಅಲ್ವಾ? ಅವಳ್ಗೆ ಗೊತ್ತಾ ಬರ್ದಿರೋದು?’ ಎಂದು ನಗುತ್ತಿದ್ದರು.

ಆಸ್ಪತ್ರೆಯ ಥೆರಪಿಸ್ಟ್ ಒಬ್ಬ ಹುಡುಗಿ. ನನ್ನ ತೋರುಬೆರಳು ಹಿಡಿದು ಮೇಜಿನ ಮೇಲೆ ಒಂದು ಅಕ್ಷರ ತೀಡಿಸಿದಳು. ‘ರ’ ಎಂದೆ, ಬೆರಳು ನಿಲ್ಲುವ ಮುಂಚೆಯೇ.

‘ನೋಡಿದ್ರಾ ಮೇಡಂ? ನಿಮ್ಮ ಕಣ್ಣಿಗೆ ಮರೆತಿದೆ. ಕೈಗೆ ಮರೆತಿಲ್ಲ. ಕೈಯನ್ನೇ ಕೇಳಿ.’

ಅವಳು ಒಂದನೇ ತರಗತಿಯ ಪುಸ್ತಕ ಕೊಟ್ಟಳು. ನಾನು ಬೇಡ ಎಂದೆ. ಕಲಿತರೆ ನನ್ನ ಬರಹದಿಂದಲೇ ಕಲಿಯುತ್ತೇನೆ. ಪವಿತ್ರ ಕೆಲವು ಹಳೆಯ ಬರಹಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ತಂದಳು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಕೂತು ಒಂದೊಂದೇ ಅಕ್ಷರದ ಮೇಲೆ ಬೆರಳು ಓಡಿಸಿದೆ. ‘ಮ’ ಮತ್ತು ‘ಯ’ ಸೇರಿ ನನ್ನನ್ನು ಬಹಳ ಗೋಳಾಡಿಸಿದವು. ಮೊದಲು ಸಿಕ್ಕಿದ ಪೂರ್ತಿ ಪದ ‘ಹಾಲು’. ಅದಕ್ಕೆ ನಾಲ್ಕು ನಿಮಿಷ ಬೇಕಾಯಿತು. ಎದ್ದು ಹೋಗಿ ಕೊಟ್ಟಿಗೆಯಲ್ಲಿದ್ದ ಗಂಡನಿಗೆ ಹೇಳಿ ಬಂದೆ.

ಆಮೇಲೆ ಒಂದು ಬೆಳಿಗ್ಗೆ, ಓದುತ್ತಿದ್ದವರು ತಟ್ಟನೆ ನಿಲ್ಲಿಸಿದರು.

ಏನು ಬಂತು ಎಂದು ನನಗೆ ತಕ್ಷಣ ತಿಳಿಯಿತು. ‘ಹನ್ನೊಂದು ದಿನ’ ಎನ್ನುವ ಬರಹ. ಬ್ಲಾಗ್ ಶುರು ಮಾಡಿದ ವರ್ಷವೇ, ನನ್ನ ಅಮ್ಮ ಕುಪ್ಪಂ ಆಸ್ಪತ್ರೆಯಲ್ಲಿದ್ದಾಗ ಬರೆದದ್ದು.

‘ಓದ್ಲಾ? ಬಿಡ್ಲಾ?’

‘ಓದಿ.’

ಓದಿದರು. ‘ಅಮ್ಮನ ಮಂಚದ ಪಕ್ಕ ಹನ್ನೊಂದು ದಿನ ಒಬ್ಬಳೇ ಕೂತಿದ್ದೆ. ಟೊಮೆಟೊ ಕೊಯ್ಲು ಅಂದರು. ಹಸು ಕರು ಹಾಕುತ್ತೆ ಅಂದರು. ಹನ್ನೆರಡನೇ ದಿನ ಬಂದರು. ಮಣ್ಣಿಗೆ ಬಂದರು.’ ದನಿ ಸಣ್ಣದಾಗುತ್ತಾ ಹೋಯಿತು. ಕೊನೆಯ ಸಾಲಿಗೆ ಬಂದು ಎರಡು ಸಲ ತಡವರಿಸಿದರು. ‘ಇವರಿಗೆ ಓದಲು ಬರುತ್ತದೆ. ಆದರೆ ಇದನ್ನು ಯಾವತ್ತೂ ಓದುವುದಿಲ್ಲ. ಆ ಧೈರ್ಯದ ಮೇಲೇ ಬರೆಯುತ್ತಿದ್ದೇನೆ.’

ಫೋನನ್ನು ಜಗಲಿಯ ಮೇಲೆ ಇಟ್ಟರು.

‘ನಂಗೇಳ್‌ಬೋದಿತ್ತಲ್ಲೇ.’

‘ಹೇಳಿದ್ದೆ. ಫೋನಲ್ಲಿ ಮೂರು ಸಲ ಹೇಳಿದ್ದೆ.’

ಅವರು ಎದ್ದು ಹೋದರು. ಓದು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅದನ್ನು ಅಳಿಸಿಬಿಡಬೇಕಿತ್ತು ಎಂದೂ ಅನ್ನಿಸಿತು. ಬರೆದ ದಿನ ಅದು ಸತ್ಯವಾಗಿತ್ತಲ್ಲ, ಯಾಕೆ ಅಳಿಸಲಿ ಎಂದೂ ಅನ್ನಿಸಿತು. ಮಾರನೆಯ ಬೆಳಿಗ್ಗೆ ಹಾಲು ಹಾಕಿ ಬಂದವರು ಕೈಕಾಲು ತೊಳೆದು ಅದೇ ಜಾಗದಲ್ಲಿ ಕೂತರು. ಮುಂದಿನ ಬರಹ ಓದಿದರು. ಹಿಂದಿನದರ ಸುದ್ದಿ ಎತ್ತಲಿಲ್ಲ.

ಎರಡನೆಯ ತಿಂಗಳು ನಾನು ಹೊಸದಾಗಿ ಬರೆದೆ. ಕೀಬೋರ್ಡಿನ ಅಕ್ಷರ ಗುರುತು ಸಿಗದು. ಪರದೆಯ ಮೇಲೆ ಬೆರಳಿನಿಂದ ಬರೆದರೆ ಅಕ್ಷರವಾಗುವ ಏರ್ಪಾಡೊಂದನ್ನು ಪವಿತ್ರ ಹಾಕಿಕೊಟ್ಟಳು. ಆಸ್ಪತ್ರೆಯ ಕಥೆಯನ್ನು ಹನ್ನೆರಡು ಸಾಲು ಬರೆದೆ. ಏನು ಮೂಡಿದೆಯೋ ನನಗೆ ಗೊತ್ತಿಲ್ಲ.

‘ಅಮ್ಮಾ, ತುಂಬಾ ತಪ್ಪೈತೆ. ನಾನು ತಿದ್ದಿ ಹಾಕ್ತೀನಿ.’

‘ಬೇಡ. ಹಂಗೇ ಹಾಕು.’

‘ಓದಿದೋರು ಏನನ್ಕೊತಾರೆ?’

‘ನನ್ಗೆ ಹಿಂಗಾಗೈತೆ ಅನ್ಕೊತಾರೆ. ಅದು ನಿಜಾನೇ ಅಲ್ವಾ?’

ಹಾಕಿದಳು. ಪಾಪ, ದೇವರು ಒಳ್ಳೇದು ಮಾಡಲಿ, ಅಕ್ಕ ಧೈರ್ಯವಾಗಿರಿ ಎಂದು ಕಾಮೆಂಟುಗಳು ಬಂದವು. ಬಂಗಾರಪೇಟೆಯ ನಿವೃತ್ತ ಮೇಷ್ಟ್ರೊಬ್ಬರು ಮೊದಲಿನಿಂದಲೂ ನನ್ನ ಓದುಗರು. ಪ್ರತಿ ಬರಹಕ್ಕೂ ಕಾಗುಣಿತದ ತಪ್ಪು ಹುಡುಕಿ ಬರೆಯುವುದು ಅವರ ರೂಢಿ. ಅವರದೂ ಬಂತು. ‘ಎರಡನೇ ಸಾಲಿನಲ್ಲಿ ಆಸ್ಪತ್ರೆ ಎನ್ನುವುದು ತಪ್ಪಾಗಿದೆ. ಏಳನೇ ಸಾಲು ಅರ್ಥವಾಗಲಿಲ್ಲ. ಉಳಿದದ್ದು ಚೆನ್ನಾಗಿದೆ. ನಿಲ್ಲಿಸಬೇಡಿ.’ ಓದಿ ಹೇಳುತ್ತಿದ್ದ ಪವಿತ್ರಳಿಗೆ ಸಿಟ್ಟು ಬಂತು. ನನಗೆ ನಗು ಬಂತು. ಕಾಯಿಲೆ ಬಿದ್ದ ಮೇಲೆ ನನ್ನನ್ನು ಮೊದಲಿನಂತೆಯೇ ಬೈದವರು ಅವರೊಬ್ಬರೇ.

ನಾಲ್ಕನೆಯ ತಿಂಗಳ ಒಂದು ಮಧ್ಯಾಹ್ನ ಅಭ್ಯಾಸಕ್ಕೆ ಕೂತೆ. ಅವತ್ತು ಪ್ರಿಂಟ್ ಬಿಟ್ಟು ಫೋನಿನಲ್ಲೇ ಓದುವ ಹಟ. ಪವಿತ್ರ ಕಾಲೇಜಿಗೆ ಹೋಗುವ ಮುಂಚೆ ‘ಹನ್ನೊಂದು ದಿನ’ ತೆಗೆದಿಟ್ಟಿದ್ದಳು, ನಾನೇ ಕೇಳಿದ್ದೆ. ಅದೊಂದು ಬರಹಕ್ಕೆ ಮಾತ್ರ ಮೇಷ್ಟ್ರೂ ತಪ್ಪು ಹುಡುಕಿರಲಿಲ್ಲ, ಅದರ ಕೆಳಗೆ ಯಾವತ್ತೂ ಕಾಮೆಂಟು ಇರಲಿಲ್ಲ. ಈಗ ಏನೋ ಇತ್ತು. ಚಿಕ್ಕ ಸಾಲು. ಬೆರಳಿಟ್ಟು ಶುರು ಮಾಡಿದೆ. ‘ಅ’. ‘ವ’. ಒತ್ತಕ್ಷರದ ಹತ್ತಿರ ಕೈ ತಪ್ಪಿತು. ಮತ್ತೆ ಮೊದಲಿನಿಂದ. ಅಂಗಳದ ನೆರಳು ಜಗಲಿ ಹತ್ತುವ ಹೊತ್ತಿಗೆ ಪೂರ್ತಿ ಸಿಕ್ಕಿತು.

‘ಅವತ್ತು ನಾನ್ ಬರ್ಬೇಕಾಗಿತ್ತು. ನಾರಾಯಣಸ್ವಾಮಿ.’

ಕಾಯಿಲೆಯ ನಂತರ ನಾನು ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಸಾಲು ಅದು. ಅವರು ಯಾವಾಗ ಬರೆದರೋ ಗೊತ್ತಿಲ್ಲ. ಕೇಳಲಿಲ್ಲ. ಸಂಜೆ ಹಾಲು ಕರೆದು ಬಂದವರ ಮುಂದೆ ಟೀ ಇಟ್ಟು, ‘ಓದಿದೆ’ ಎಂದೆ. ಅವರು ಲೋಟ ನೋಡುತ್ತಾ ‘ಹೂಂ’ ಎಂದರು. ಆಮೇಲೆ ‘ಇನ್ನೊಂದ್ ಚೂರು ಸಕ್ರೆ ಆಕು’ ಎಂದರು. ಸಕ್ಕರೆ ಸರಿಯಾಗಿಯೇ ಇತ್ತು.

ಈಗ ಹತ್ತು ತಿಂಗಳಾಗಿದೆ. ಹೋದ ಚೆಕಪ್ಪಿನಲ್ಲಿ ಡಾಕ್ಟರಮ್ಮ, ಇನ್ನು ಮುಂದೆ ಸುಧಾರಣೆ ಬಹಳ ನಿಧಾನ, ಇಷ್ಟಕ್ಕೇ ನಿಲ್ಲಲೂಬಹುದು ಎಂದರು. ಬಲಗಡೆಯ ನೋಟ ಬಂದಿಲ್ಲ, ಬರುವುದಿಲ್ಲವಂತೆ. ಶಾಲೆಯಲ್ಲಿ ಹೆಡ್‌ಮಿಸ್ ನನ್ನನ್ನು ಬಿಡಲಿಲ್ಲ. ರಿಜಿಸ್ಟರ್ ಬೇರೆಯವರಿಗೆ ಹೋಯಿತು. ನಾನು ಫೋನ್ ತೆಗೆಯುತ್ತೇನೆ, ಪೋಷಕರ ಜೊತೆ ಮಾತಾಡುತ್ತೇನೆ. ರಿಜಿಸ್ಟರ್ ಕೊಟ್ಟ ದಿನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಮಕ್ಕಳು ಮಾತ್ರ ಬೇಗ ಕಲಿತರು. ಏನಾದರೂ ಕೇಳುವುದಿದ್ದರೆ ಎಡಗಡೆ ಬಂದು ನಿಲ್ಲುತ್ತಾರೆ.

ಬ್ಲಾಗ್ ನಡೆಯುತ್ತಿದೆ, ತಿಂಗಳಿಗೆರಡು. ತಪ್ಪುಗಳು ಕಡಿಮೆಯಾಗಿವೆ ಎಂದು ಮೇಷ್ಟ್ರು ಸ್ವಲ್ಪ ಬೇಸರದಿಂದಲೇ ಬರೆದಿದ್ದಾರೆ.

ಶಾಲೆಯ ಲೈಬ್ರರಿಯಿಂದ ಒಂದು ಕಾದಂಬರಿ ತಂದಿದ್ದೇನೆ. ಎರಡು ತಿಂಗಳಾಯಿತು, ಹದಿನಾಲ್ಕನೆಯ ಪುಟದಲ್ಲಿದ್ದೇನೆ. ಅದರಲ್ಲಿ ಒಬ್ಬ ಹೆಂಗಸು ಬಾಗಿಲು ತಟ್ಟಿ ನಿಂತಿದ್ದಾಳೆ. ಒಳಗಿನಿಂದ ಯಾರೋ ಎದ್ದು ಬರುವ ಸದ್ದಾಗಿದೆ. ಬಾಗಿಲು ತೆಗೆಯುವವರು ಯಾರು ಎಂದು ಪವಿತ್ರಳನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತಾಳೆ. ನಾನು ಕೇಳಿಲ್ಲ. ಭಾನುವಾರದ ಹೊತ್ತಿಗೆ ನಾನೇ ಅಲ್ಲಿಗೆ ತಲುಪುತ್ತೇನೆ.