ಕಾಣದ ರಾಣಿಗೆ ಮಣೆ ಹಾಕಿದವರು

ಗ್ಯಾಂಬಿಯಾದ ನ್ಯಾಯಾಲಯಗಳಲ್ಲಿ ದುಭಾಷಿಗಳು ಹಲವರು ಆಗಿಹೋಗಿದ್ದಾರೆ. ಆದರೆ ಆಪಾದಿತರ ಮಾತನ್ನಷ್ಟೇ ಅಲ್ಲದೆ ಅವರ ಮೌನವನ್ನೂ ಅರ್ಥಮಾಡಿಕೊಂಡು ನ್ಯಾಯಪೀಠಕ್ಕೆ ಮುಟ್ಟಿಸಿದವರು, ಇಂದು ನಿವೃತ್ತರಾಗುತ್ತಿರುವ ಶ್ರೀ ಅನ್ಸುಮಾನಾ ಬೋಜಾಂಗ್ ಅವರೊಬ್ಬರೇ.

ಸ್ವಾತಂತ್ರ್ಯ ಬಂದ ವರ್ಷವೇ ಅವರು ರಾಜಧಾನಿಯ ನ್ಯಾಯಾಲಯ ಸೇರಿದರು. ಬಾವುಟ ನಮ್ಮದಾಗಿತ್ತು, ಪ್ರಧಾನಿ ನಮ್ಮವರಾಗಿದ್ದರು. ದೇಶದ ಮುಖ್ಯಸ್ಥೆಯಾದ ರಾಣಿ ಮಾತ್ರ ಹಿಂದಿನಂತೆ ಸಮುದ್ರದಾಚೆಯವರೇ ಆಗಿ ಉಳಿದಿದ್ದರು. ಗೋಡೆಯ ಮೇಲೆ ಅವರ ಚಿತ್ರ, ಪ್ರತಿ ಅಪರಾಧ ಮೊಕದ್ದಮೆಯಲ್ಲೂ ಕಾಗದದ ಮೇಲೆ ಅವರೇ ಫಿರ್ಯಾದಿ.

ಆ ದಿನಗಳಲ್ಲೊಮ್ಮೆ ನದಿಯ ಮೇಲ್ಸೀಮೆಯ ನ್ಯಿಮಾ ದಾರ್ಬೋ ಎಂಬ ಹೆಂಗಸನ್ನು ತಂದು ನಿಲ್ಲಿಸಿದರು. ಸಹಕಾರ ಸಂಘದ ಕಡಲೆಕಾಯಿ ಉಗ್ರಾಣಕ್ಕೆ ಬೆಂಕಿಯಿಟ್ಟಳೆಂಬ ಆರೋಪ. ಬಾಯಿ ಬಿಡದಿದ್ದರೆ ಜೈಲು ಖಂಡಿತ, ಆಕೆ ಬಿಡಲೊಲ್ಲಳು.

"ದೂರು ಕೊಟ್ಟೋಳು ಎಲ್ಲಿ?" ಎಂದಷ್ಟೇ ಕೇಳಿದಳು.

"ರಾಣಿ ಇಲ್ಲಿಗೆ ಬರೋದಿಲ್ಲ, ತಾಯಿ," ಎಂದರು ಬೋಜಾಂಗರು.

"ನನ್ನ ಮುಖಾನೇ ನೋಡದೋಳು ನನ್ನ ಮೇಲೆ ಹೆಂಗಪ್ಪಾ ದೂರು ಕೊಟ್ಟಳು? ಕರೀರಿ. ಒಂದೇ ಸೋರೆಬುರುಡೆ ನೀರು ಇಬ್ಬರೂ ಕುಡೀತೀವಿ. ಸುಳ್ಳು ಹೇಳಿದೋಳ ಹೊಟ್ಟೆ ಊದ್ಲಿ."

ಅವಳ ಸೀಮೆಯ ಕಟ್ಟಳೆಯೇ ಹಾಗೆ. ಬೋಜಾಂಗರು ಮ್ಯಾಜಿಸ್ಟ್ರೇಟರ ಅನುಮತಿ ಬೇಡಿ, ಚಿತ್ರದ ಕೆಳಗೆ ಒಂದು ಮಣೆ ಹಾಕಿ, ಬನ್ನಿ ಎಂದು ಬಾಗಿ, ಸೋರೆಬುರುಡೆಯಲ್ಲಿ ನೀರು ತಂದರು. ನ್ಯಿಮಾ ಅರ್ಧ ಕುಡಿದು ಉಳಿದರ್ಧವನ್ನು ಮಣೆಯ ಮುಂದಿಟ್ಟಳು. ಯಾರೋ ನಕ್ಕರು. ನಕ್ಕವರತ್ತ ತಿರುಗಿದ ಕಣ್ಣುಗಳು ಹಿಂದಿರುಗುವಷ್ಟರಲ್ಲಿ ಬುರುಡೆ ಬರಿದಾಗಿತ್ತು.

"ಕುಡಿದಳು," ಎಂದಳು ನ್ಯಿಮಾ, ನೆರೆಮನೆಯವಳ ಸುದ್ದಿ ಹೇಳಿದಷ್ಟು ಸಲೀಸಾಗಿ. "ಇನ್ನು ನಾನು ಹೇಳ್ತೀನಿ."

ಬೆಂಕಿ ಬಿದ್ದ ಹೊತ್ತಿನಲ್ಲಿ ಆಕೆ ಪಕ್ಕದೂರಲ್ಲಿ ಹೆರಿಗೆ ಮಾಡಿಸುತ್ತಿದ್ದಳು. ಬಾಣಂತಿ ಬಂದು ಸಾಕ್ಷಿ ನುಡಿದಳು, ನ್ಯಿಮಾ ಬಿಡುಗಡೆಯಾದಳು. ಊರಿಗೆ ಮರಳುವ ಮುನ್ನ ಅವಳಿಗೆ ಬೋಜಾಂಗರ ಮನೆಯಲ್ಲೇ ಊಟವಾಯಿತು.

ಅಂದಿನಿಂದ ಮಣೆ ಅಲ್ಲೇ ಉಳಿಯಿತು. ಬೆಳಿಗ್ಗೆ ಬೋಜಾಂಗರು ತುಂಬಿಟ್ಟ ಬುರುಡೆ ಸಂಜೆಗೆ ಅರ್ಧವಾಗಿರುತ್ತಿತ್ತು.

"ಈ ಸೆಕೆಗೆ ಆರಿಹೋಗುತ್ತೆ ಕಣಣ್ಣಾ," ಎಂದು ಜವಾನ ಛೇಡಿಸುತ್ತಿದ್ದ.

"ಆರಿಹೋಗೋ ನೀರು ದಿನಾ ಅರ್ಧಕ್ಕೇ ನಿಲ್ಲುತ್ತೇನಯ್ಯಾ?" ಎನ್ನುತ್ತಾ ಉಳಿದುದನ್ನು ಬೋಜಾಂಗರು ತಾವೇ ಕುಡಿಯುತ್ತಿದ್ದರು, ಆ ದಿನ ಒಬ್ಬರ ಮಾತನ್ನೂ ತಿರುಚಿಲ್ಲವೆಂಬುದಕ್ಕೆ ಅದೇ ಅವರ ಪ್ರಮಾಣ. ಇಷ್ಟು ವರ್ಷಗಳಲ್ಲಿ ಆ ಹೊಟ್ಟೆ ಊದಲಿಲ್ಲವೆಂಬುದಕ್ಕಿಂತ ದೊಡ್ಡ ಪ್ರಶಸ್ತಿ ದುಭಾಷಿಗೆ ಇನ್ನೇನಿದೆ?

ಐದು ವರ್ಷ ಕಳೆದು ಗಣರಾಜ್ಯ ಬಂತು. ಚಿತ್ರ ಇಳಿಸಿದರು, ಮೊಹರು ಬದಲಿಸಿದರು. ಬಂದ ನೆಂಟರನ್ನು ಸ್ವಲ್ಪ ದೂರ ನಡೆದು ಕಳಿಸಿಬರುವುದು ನಮ್ಮ ರೂಢಿ. ರಾಣಿಯನ್ನು ಕಳಿಸಿಬಂದವರು ಮಾತ್ರ ಯಾರೂ ಇಲ್ಲ. ಬುರುಡೆ ಸಂಜೆಗೆ ಅರ್ಧವಾಗುವುದೂ ನಿಲ್ಲಲಿಲ್ಲ. ಆ ಗೋಡೆಯ ಬದಿಗೆ ಇಂದಿಗೂ ಯಾರೂ ಕೂರುವುದಿಲ್ಲ.

ಈಗ ಬೋಜಾಂಗರು ಹಟ ಹಿಡಿದಿದ್ದಾರೆ: ಸನ್ಮಾನ ಮುಗಿದ ಮೇಲೆ ಮಣೆ ಬುರುಡೆಗಳನ್ನೆತ್ತಿಕೊಂಡು, ಆ ಅತಿಥಿಯನ್ನು ಬಂದರಿನ ದಾರಿ ಹಿಡಿಸಿ ಬರುವುದಂತೆ.

"ಸರ್ಕಾರದ ನೆಂಟರನ್ನ ಕಳಿಸೋಕೆ ನೀವೊಬ್ಬರೇ ಯಾಕೆ?" ಎಂದು ಪತ್ನಿ ಸಾಫಿಯವರು ಜಗಳವಾಡಿದರು.

"ಮಣೆ ಹಾಕಿ ಕರೆದೋನು ನಾನಲ್ವೇನೇ?"

"ಕಳಿಸೋಕೆ ಹೋದೋರು ಅರ್ಧ ದಾರಿಗೆ ಮುಂಚೇನೇ ತಿರುಗಬೇಕು. ದಾಟಿದ್ರೆ ನೆಂಟರ ಜೊತೇನೇ ಹೋಗಿಬಿಡ್ತಾರೆ. ಅವಳ ಊರು ಸಮುದ್ರದಾಚೆ. ಅರ್ಧ ದಾರಿ ಎಲ್ಲಿ ಬರುತ್ತೆ, ಹೇಳಿ ನೋಡೋಣ."

ಸಮುದ್ರದ ಮೇಲಿನ ಆ ಅರ್ಧ ದಾರಿಯನ್ನು ಅಳೆದವರು ನಮ್ಮಲ್ಲಿ ಯಾರೂ ಇಲ್ಲ. ಆದ್ದರಿಂದ ಸಹೋದ್ಯೋಗಿಗಳೆಲ್ಲ ಅವರ ಜೊತೆಗೇ ನಡೆಯುವುದೆಂದೂ, ಬಂದರಿನ ಮೆಟ್ಟಿಲಿಗೆ ಕಾಲಿಡುವ ಮೊದಲೇ ಕೈ ಹಿಡಿದು ತಿರುಗಿಸುವುದೆಂದೂ ನಿಶ್ಚಯಿಸಿದ್ದೇವೆ. ಬೋಜಾಂಗರು ಬರೆಯುತ್ತಿರುವ ಮಂಡಿಂಕಾ ನುಡಿಯ ನಿಘಂಟು ಪೂರ್ಣವಾಗಲಿ, ಮೊಮ್ಮಕ್ಕಳ ಮಕ್ಕಳನ್ನೂ ಅವರು ಎತ್ತಿ ಆಡಿಸಲಿ. ಇಂದು ಸಂಜೆ ಮನೆಯತ್ತ ಹೊರಳುವಾಗ ಅವರ ಎರಡೂ ಕೈ ಹಿಡಿದಿರುವವರು ನಾವೇ ಆಗಿರಲಿ.